ಪರದೆ ದೊಡ್ಡದಾದರೆ ಸಾಲದು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನಡುವೆ ಈಗ ಪದೇ ಪದೇ ಕೇಳಿಬರುವ ಪ್ರಶ್ನೆ: ಟ್ಯಾಬ್ ತಗೊಳ್ಳಬೇಕೋ, ಬೇಡವೋ? ಧಾರವಾಡದಲ್ಲಿ ರೂಮ್ ಮಾಡಿಕೊಂಡು ಕೋಚಿಂಗ್‌ಗೆ ಹೋಗಲಾಗದ ನನ್ನಂಥವರಿಗೆ ಇದು ಶೋಕಿಯ ಮಾತಲ್ಲ. ಕಾಗವಾಡ ತಾಲ್ಲೂಕಿನ ನಮ್ಮ ಮಂಗಸೂಳಿಯಲ್ಲಿ ಮನೆಯ ದೊಡ್ಡ ಖರ್ಚಿನ ಲೆಕ್ಕ ನಡೆಯುವುದು ಕಬ್ಬಿನ ಬಿಲ್ ಬಂದಾಗಲೇ. ಅದರಲ್ಲಿ 25 ಸಾವಿರ ರೂಪಾಯಿಯನ್ನು 11 ಇಂಚಿನ ಆಂಡ್ರಾಯ್ಡ್ ಟ್ಯಾಬ್‌ಗೆ ಕೇಳಿದಾಗ ಅಪ್ಪ, ‘ಇದೂ ಒಂದು ದೊಡ್ಡ ಮೊಬೈಲ್ ಅಷ್ಟ ಅಲ್ಲೇನು?’ ಎಂದಿದ್ದರು. ಒಂದು ವರ್ಷ ದಿನವೂ ಬಳಸಿದ ಮೇಲೆ ನನ್ನ ಉತ್ತರ ಇಷ್ಟು: ಓದುವುದಕ್ಕೆ ಅಲ್ಲ, ಉಳಿದದ್ದಕ್ಕೆಲ್ಲ ಹೌದು.

ಲೆಕ್ಕ ಸರಳ. ನಮಗೆ ಸಿಗುವ ಪಿಡಿಎಫ್‌ಗಳು ಹೆಚ್ಚಾಗಿ ಎ4 ಅಳತೆಯವು; ಆ ಹಾಳೆಯ ಅಗಲ 21 ಸೆಂ.ಮೀ. ನೆಟ್ಟಗೆ ಹಿಡಿದ ಮೊಬೈಲ್‌ನ ಪರದೆ ಸುಮಾರು 7 ಸೆಂ.ಮೀ., ಟ್ಯಾಬ್‌ನದು ಸುಮಾರು 15. ಅಂದರೆ ಮೊಬೈಲ್‌ನಲ್ಲಿ ಅಕ್ಷರ ಮೂರನೇ ಒಂದು ಪಾಲಿಗೆ ಕುಗ್ಗುತ್ತದೆ, ಟ್ಯಾಬ್‌ನಲ್ಲಿ ಹತ್ತರಲ್ಲಿ ಏಳು ಪಾಲು ಉಳಿಯುತ್ತದೆ. ಕನ್ನಡಕ್ಕೆ ಇದು ಇನ್ನೂ ಮುಖ್ಯ. ‘ರಾಷ್ಟ್ರ’ದ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ನಿಲ್ಲುತ್ತವೆ. ಮೊಬೈಲ್‌ನಲ್ಲಿ ಪುಟ ಹಿಗ್ಗಿಸಿ, ಅತ್ತಿತ್ತ ಎಳೆದಾಡುವಷ್ಟರಲ್ಲಿ ಓದಿದ ವಾಕ್ಯವೇ ಮರೆತಿರುತ್ತದೆ. ಉಚಿತವಾಗಿ ಸಿಗುವ ಎನ್‌ಸಿಇಆರ್‌ಟಿ ಮತ್ತು ರಾಜ್ಯ ಪಠ್ಯಪುಸ್ತಕಗಳನ್ನು ಟ್ಯಾಬ್‌ನಲ್ಲಿ ಪುಸ್ತಕದಂತೆಯೇ ಓದಬಹುದು. ಒಂದು ಕಡೆ ಪಾಠದ ವಿಡಿಯೊ, ಇನ್ನೊಂದು ಕಡೆ ನೋಟ್ಸ್ ತೆರೆಯುವ ಸೌಲಭ್ಯ ಆಂಡ್ರಾಯ್ಡ್‌ಗೆ 2016ರಲ್ಲೇ ಬಂದಿದ್ದರೂ ಅದು ನಿಜಕ್ಕೂ ಉಪಯೋಗಕ್ಕೆ ಬರುವುದು ದೊಡ್ಡ ಪರದೆಯಲ್ಲಿ.

ತೊಂದರೆಗಳೂ ಇವೆ. ಅರ್ಧ ಕಿಲೋ ತೂಕ; ಕೈಯಲ್ಲಿ ಹಿಡಿದರೆ ಅರ್ಧ ಗಂಟೆಗೆ ಮಣಿಕಟ್ಟು ನೋಯುತ್ತದೆ, ಸ್ಟ್ಯಾಂಡ್ ಬೇಕೇ ಬೇಕು. ಬಿಸಿಲಲ್ಲಿ ಕುಳಿತರೆ ಪರದೆಯಲ್ಲಿ ಕಾಣುವುದು ನಮ್ಮ ಮುಖವೇ. ಸಿಮ್ ಇಲ್ಲದ ಟ್ಯಾಬ್ ಮೊಬೈಲ್‌ನ ಹಾಟ್‌ಸ್ಪಾಟ್ ನಂಬಿ ಬದುಕುತ್ತದೆ. ಖಂಡೋಬಾ ಜಾತ್ರೆಗೆ ಜನ ತುಂಬಿದ ದಿನ ನೆಟ್‌ವರ್ಕ್ ತೆವಳುತ್ತದೆ. ಮೊದಲೇ ಇಳಿಸಿಕೊಂಡ ಪುಸ್ತಕವಷ್ಟೇ ಆಗ ಆಸರೆ. ಇನ್ನು ಕೆಲವು ಕನ್ನಡ ಪಿಡಿಎಫ್‌ಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿವೆ, ಇಲ್ಲವೇ ಬರೀ ಫೋಟೊ. ಅವುಗಳಲ್ಲಿ ಒಂದು ಪದ ಹುಡುಕಿದರೂ ಸಿಗುವುದಿಲ್ಲ. ಯಾವ ಟ್ಯಾಬ್ ಕೊಂಡರೂ ಇದು ಸರಿಹೋಗದು. ಪ್ರಕಟಿಸುವವರೇ ಯೂನಿಕೋಡ್‌ನಲ್ಲಿ ಕೊಡಬೇಕು.

ಪರೀಕ್ಷೆಯ ಸ್ವರೂಪವನ್ನೂ ನೋಡಬೇಕು. ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಒಎಂಆರ್ ಹಾಳೆ, ಮುಖ್ಯ ಪರೀಕ್ಷೆಗೆ ಕೈಬರಹ. ಹಾಗಾಗಿ ಓದು ಟ್ಯಾಬ್‌ನಲ್ಲಿ, ಅಭ್ಯಾಸ ಕಾಗದದಲ್ಲಿ ಎಂಬುದು ನನ್ನ ನಿಯಮ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಹಾಗಲ್ಲ. ಅದು ಕಂಪ್ಯೂಟರ್ ಮೇಲೆ ನಡೆಯುತ್ತದೆ, 2024ರಿಂದ ಕನ್ನಡದಲ್ಲೂ ಬರೆಯಬಹುದು. ಅದಕ್ಕೆ ಓದುವವರು ಮಾದರಿ ಪರೀಕ್ಷೆಗಳನ್ನು ಪರದೆಯ ಮೇಲೆಯೇ ಬರೆದು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಹಣವಿಲ್ಲದವರು ಏನು ಮಾಡಬೇಕು? 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಯೋಜನೆಗೆ ಚಾಲನೆ ನೀಡಿತ್ತು. ಓದು ಮುಗಿಸಿ ಕೆಲಸ ಹುಡುಕುವವರು ಇಂಥ ಪಟ್ಟಿಗಳಲ್ಲಿ ಇರುವುದಿಲ್ಲ. ಮೊಬೈಲ್ ಒಬ್ಬರ ಸ್ವತ್ತು, ಟ್ಯಾಬ್ ಹಂಚಿಕೊಳ್ಳುವ ವಸ್ತು. ನಮ್ಮ ಮನೆಯಲ್ಲಿ ಬೆಳಿಗ್ಗೆ ನನ್ನ ಓದು, ಸಂಜೆ ತಮ್ಮನ ಎಸ್ಸೆಸ್ಸೆಲ್ಸಿ ಪಾಠ, ನಡುವೆ ಅಪ್ಪನ ಪಹಣಿ. ಹಾಗೆಯೇ ಗ್ರಾಮ ಪಂಚಾಯಿತಿಯ ಪ್ರತಿ ಅರಿವು ಕೇಂದ್ರದಲ್ಲಿ ಪಠ್ಯ ತುಂಬಿದ ನಾಲ್ಕು ದೊಡ್ಡ ಟ್ಯಾಬ್‌ಗಳಿದ್ದರೆ ಊರಿನ ಎಷ್ಟೋ ಹುಡುಗ ಹುಡುಗಿಯರಿಗೆ ಅವೇ ಸಾಕು. ಇದನ್ನು ಗ್ರಾಮಸಭೆಯಲ್ಲಿ ಕೇಳಬೇಕಾದವರು ನಾವೇ.

ಕೊಳ್ಳುವವರಿಗೆ ಒಂದು ಮಾತು: ದಿನಕ್ಕೆ ಎರಡು ಗಂಟೆಯಾದರೂ ಪಿಡಿಎಫ್ ಓದುತ್ತೀರಾದರೆ ಮಾತ್ರ ಕೊಳ್ಳಿ. ರೀಲ್ಸ್ ಆ್ಯಪ್‌ಗಳನ್ನು ಅದಕ್ಕೆ ಹಾಕಲೇಬೇಡಿ. ದೊಡ್ಡ ಪರದೆಯಲ್ಲಿ ಪಾಠ ಎಷ್ಟು ಚೆನ್ನಾಗಿ ಕಾಣುತ್ತದೋ, ಕ್ರಿಕೆಟ್ ಕೂಡ ಅಷ್ಟೇ ಚೆನ್ನಾಗಿ ಕಾಣುತ್ತದೆ.