ಪೆಟ್ಟಿಗೆಯ ಪಟ್ಟೆಸೀರೆ ಹೂಡಿಕೆಯೇ?

ಮೊಳಕಾಲ್ಮೂರಿನ ಹಳೆಯ ಜರಿಸೀರೆಗಳನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟರೆ ಕಾಲಾಂತರದಲ್ಲಿ ಷೇರಿಗಿಂತ ಮಿಗಿಲಾದ ಫಲವೆಂಬ ವಾದವು ಶ್ರಾವಕರ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಇದು ವ್ಯಾಪಾರವೂ ಅಲ್ಲ, ಧರ್ಮವೂ ಅಲ್ಲ. ಷೇರು ನಡೆಯುತ್ತಿರುವ ಉದ್ಯಮದ ಪಾಲು. ಉದ್ಯಮ ಗಳಿಸಿದರೆ ಲಾಭಾಂಶ ದೊರೆತೀತು. (1992ರ ಹಗರಣವನ್ನು ಕಂಡವರು ಅದನ್ನು ನಿರ್ಭಯವೆನ್ನರು.) ಪೆಟ್ಟಿಗೆಯ ಸೀರೆಯಾದರೋ ಏನನ್ನೂ ದುಡಿಯದು, ಅದರ ಬೆಲೆ ನಾಳೆ ಬರುವವನ ಮೋಹವನ್ನೇ ನೆಚ್ಚಿದೆ. ಅವನು ಬಾರದಿದ್ದರೆ ಹಳೆ ಜರಿ ಕೊಳ್ಳುವವನು ಬೆಳ್ಳಿಯನ್ನಷ್ಟೇ ತೂಗುವನು. ನೇಯ್ಗೆಗೆ ಕಾಸಿಲ್ಲ, ನೇಕಾರನಿಗಂತೂ ಮೊದಲೇ ಇಲ್ಲ. ಶೇಂಗಾ ದಾಸ್ತಾನು ಹೆಚ್ಚು ದಿನ ನಿಂತರೆ ಬಡ್ಡಿಯೂ ಹುಳುವೂ ತಿನ್ನುವುದನ್ನು ಬಲ್ಲ ಚಳ್ಳಕೆರೆಯ ಎಣ್ಣೆ ವರ್ತಕರಿಗೆ ಇದನ್ನು ವಿವರಿಸಬೇಕೆ?

ಮೇಲಾಗಿ, ರೇಷ್ಮೆಯ ಎಳೆ ಗೂಡಿನೊಳಗಿನ ಜೀವವನ್ನು ಬೇಯಿಸಿ ತೆಗೆದದ್ದು. ಹಳೆಯ ಸೀರೆಯ ಹಿಂಸೆ ಎಂದೋ ಮುಗಿಯಿತೆಂಬ ಸಮಾಧಾನ ಸಲ್ಲದು. ಹಳೆಯದಕ್ಕೆ ಬೆಲೆ ಏರಿಸುವವನು ಹೊಸದರ ಆಸೆಯನ್ನೂ ಬೆಳೆಸುತ್ತಾನೆ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಗುರುತಿಸುವುದು ವಸ್ತುವಿನಿಂದಲ್ಲ, ಮೂರ್ಛೆಯಿಂದ. ಪರಿಗ್ರಹ ಪರಿಮಾಣವ್ರತ ತೊಟ್ಟವರು ಷೇರನ್ನು ಲೆಕ್ಕಕ್ಕೆ ಹಿಡಿದು, ಪೆಟ್ಟಿಗೆಯ ಸೀರೆಗಳನ್ನು 'ಮನೆಯ ಬಟ್ಟೆ'ಯೆಂದು ಬಿಟ್ಟುಬಿಡುವುದು ಯಾವ ನ್ಯಾಯ? ಪದ್ಮಾವತಿ ಅಮ್ಮನವರಿಗೆ ಹರಕೆಯಾಗಿ ಬಂದ ಸೀರೆಗಳನ್ನು ಬೆಲೆ ಏರಲೆಂದು ಕೂಡಿಡುವ ಬಸದಿಗಳ ಟ್ರಸ್ಟುಗಳಾದರೂ ಅವನ್ನು ವಾರ್ಷಿಕ ಲೆಕ್ಕಪತ್ರದ ಯಾವ ಬಾಬಿನಲ್ಲಿ ತೋರಿಸುವುವು?