ಗಾಲಿಯ ಮೇಲಿನ ಮನೆಗೆ ಎಲ್ಲೆ ಯಾವುದು?

ಶಾಸ್ತ್ರದ ಪದವೊಂದು ತನ್ನ ನೆಲೆಯನ್ನು ಬಿಟ್ಟು ಪೇಟೆಗೆ ಬಂದಾಗ ಅದರ ತೂಕದಲ್ಲಿ ವ್ಯತ್ಯಾಸವಾಗುವುದುಂಟು. ‘ಅಪರಿಗ್ರಹ’ ಎಂಬ ಪದಕ್ಕೆ ಇಂದು ಅಂತಹ ಗತಿ ಒದಗಿದೆ. ಉದ್ಯೋಗದಿಂದ ನಿವೃತ್ತರಾದ ದಂಪತಿಗಳು ಇದ್ದ ಮನೆಯನ್ನು ಮಾರಿ ಅಥವಾ ಅದಕ್ಕೆ ಬೀಗ ಹಾಕಿ, ಹಾಸಿಗೆ, ಒಲೆ, ಶೌಚಗೃಹಗಳನ್ನೊಳಗೊಂಡ ಮೋಟಾರು ವಾಹನದಲ್ಲಿ ಸಂಸಾರ ಹೂಡಿ, ಚಳಿಗಾಲವನ್ನು ಮರುಭೂಮಿಯಲ್ಲಿ ಕಳೆಯುವ ಜೀವನಕ್ರಮವೊಂದು ಪ್ರಸಿದ್ಧಿಗೆ ಬಂದಿದೆ. ಸಾಮಾನುಗಳನ್ನು ಕಡಿಮೆ ಮಾಡಿಕೊಂಡ ಕಾರಣಕ್ಕಾಗಿ ಇದನ್ನು ಅಪರಿಗ್ರಹದ ಆಧುನಿಕ ರೂಪವೆಂದು ಹೊಗಳುವವರು ಜೈನ ಮನೆಗಳಲ್ಲಿಯೂ ಇದ್ದಾರೆ. ಈ ಹೊಗಳಿಕೆ ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯ.

ಈ ಪದ್ಧತಿಯ ತವರು ಅಮೆರಿಕ. ಆರಿಜೋನಾ ರಾಜ್ಯದ ಸೊನೋರಾ ಮರುಭೂಮಿಯಲ್ಲಿ ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿದೆ. ಅಲ್ಲಿಯ ಕೇಂದ್ರ ಸರಕಾರದ ಭೂನಿರ್ವಹಣಾ ಇಲಾಖೆಯು 1983ರಲ್ಲಿ ದೀರ್ಘಕಾಲದ ವಾಹನವಾಸಕ್ಕೆಂದು ಮರುಭೂಮಿಯ ಕೆಲವು ಭಾಗಗಳನ್ನು ಗುರುತಿಸಿತು. ಕ್ವಾರ್ಟ್‌ಸೈಟ್ ಬಳಿಯ ಲಾ ಪೋಸಾ ಎಂಬ ಒಂದೇ ಪ್ರದೇಶದ ವಿಸ್ತಾರ ಸುಮಾರು 11,400 ಎಕರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಏಳು ತಿಂಗಳು ಅಲ್ಲಿ ವಾಹನದಲ್ಲಿಯೇ ವಾಸಿಸಬಹುದು. ಇದಕ್ಕೆ ಬಹುಕಾಲ ನಡೆದುಬಂದ ಶುಲ್ಕ 180 ಡಾಲರ್. ಕೆನಡಾ ಮತ್ತು ಉತ್ತರದ ರಾಜ್ಯಗಳ ಹಿಮಕ್ಕೆ ಬೆದರಿ ಬರುವ ವೃದ್ಧರನ್ನು ಅಲ್ಲಿಯ ಜನ ‘ಹಿಮಹಕ್ಕಿ’ಗಳೆಂದು ಕರೆಯುತ್ತಾರೆ. ಬೇಸಿಗೆಯ ತಾಪ 40 ಡಿಗ್ರಿ ದಾಟುವ ಮೊದಲೇ ಈ ಹಕ್ಕಿಗಳು ಮರಳಿ ಉತ್ತರಕ್ಕೆ ಹಾರುತ್ತವೆ.

ಭಾರತಕ್ಕೂ ಇದರ ಗಾಳಿ ಬೀಸಿದೆ. ನೆರೆಯ ಕೇರಳ ಸರಕಾರ 2021ರಲ್ಲಿ ‘ಕೇರವಾನ್ ಕೇರಳ’ ಯೋಜನೆಯನ್ನೇ ಪ್ರಕಟಿಸಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯವರಿಗಂತೂ ಮರುಭೂಮಿ ಕೇವಲ ಕಲ್ಪನೆಯ ಮಾತಲ್ಲ. ಯಲ್ಲಾಪುರದ ಪೇಟೆಯನ್ನು ಹಾದುಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಇಂದೋರ್, ಕೋಟಾ, ಜಯಪುರಗಳ ಮಾರ್ಗವಾಗಿ ಸೀಕರ್ ಮತ್ತು ಚುರು ಜಿಲ್ಲೆಗಳ ಮರಳಿಗೆ ನೇರವಾಗಿ ಒಯ್ಯುತ್ತದೆ. ನಿವೃತ್ತಿವೇತನ, ಚೇಣಿಗೆ ಕೊಟ್ಟ ಅಡಿಕೆ ತೋಟ, ಪರದೇಶದಲ್ಲಿರುವ ಮಕ್ಕಳು, ಇಷ್ಟು ಅನುಕೂಲವಿರುವ ದಂಪತಿಗೆ ಈ ದಾರಿ ತೆರೆದೇ ಇದೆ.

ಎದುರು ಪಕ್ಷಕ್ಕೆ ಮೊದಲು ನ್ಯಾಯ ಸಲ್ಲಬೇಕು. ವಾಹನವಾಸಿಗಳಲ್ಲಿ ಕಲಿಯಬೇಕಾದ ಗುಣಗಳಿವೆ. ತೊಟ್ಟಿಯಲ್ಲಿ ತುಂಬಿಕೊಂಡಷ್ಟೇ ನೀರು, ಬಿಸಿಲಿನಿಂದ ಪಡೆದಷ್ಟೇ ವಿದ್ಯುತ್ತು, ತಾವು ಮಾಡಿದ ಕೊಳಕನ್ನು ತಾವೇ ಹೊತ್ತು ನಿಯತ ಸ್ಥಳದಲ್ಲಿ ವಿಸರ್ಜಿಸುವ ಶಿಸ್ತು ಅವರಲ್ಲಿದೆ. ಮನೆಯಂಗಳದ ಕೊಳವೆಬಾವಿಯನ್ನು ದಿನವಿಡೀ ಹರಿಯಬಿಡುವ ಶ್ರಾವಕನಿಗಿಂತ ಒಂದು ಬಿಂದಿಗೆ ನೀರಿನ ಬೆಲೆ ಅವರಿಗೆ ಹೆಚ್ಚು ಗೊತ್ತು. ಅಲ್ಲದೆ 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡು, ಬಾಡಿಗೆ ತೆರಲಾರದೆ ವಾಹನವನ್ನೇ ಮನೆ ಮಾಡಿಕೊಂಡ ಅಮೆರಿಕದ ವೃದ್ಧರೂ ಉಂಟು. ಅವರದು ನಿರುಪಾಯ. ಅಂತಹವರನ್ನು ಟೀಕಿಸುವುದು ಕರುಣೆಯನ್ನು ಮರೆತ ಮಾತಾದೀತು. ಆಕ್ಷೇಪಣೆ ಇರುವುದು, ಇರುವ ಮನೆಯನ್ನು ಇಟ್ಟುಕೊಂಡೇ ಇನ್ನೊಂದನ್ನು ಗಾಲಿಯ ಮೇಲೆ ಕಟ್ಟಿಸಿ, ಅದಕ್ಕೆ ತ್ಯಾಗದ ಹೆಸರಿಡುವ ಅನುಕೂಲಸ್ಥರ ವಿಷಯದಲ್ಲಿ.

ಪ್ರಾಚೀನ ಆಚಾರ್ಯರು ಎಣಿಸಿದ ಹತ್ತು ಬಾಹ್ಯ ಪರಿಗ್ರಹಗಳಲ್ಲಿ ವಾಸ್ತು ಒಂದು, ಯಾನ ಒಂದು, ಶಯನಾಸನ ಒಂದು, ಭಾಂಡ ಒಂದು. ಅಂದರೆ ಮನೆ, ವಾಹನ, ಹಾಸಿಗೆ-ಪೀಠ, ಪಾತ್ರೆ-ಪಡಗ. ಮೋಟಾರು ಮನೆಯು ಈ ನಾಲ್ಕನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಿದ ವಸ್ತು. ಸರಕನ್ನು ಒಂದು ಉಗ್ರಾಣದಿಂದ ಇನ್ನೊಂದಕ್ಕೆ ಸಾಗಿಸಿ ‘ದಾಸ್ತಾನು ಕಡಿಮೆಯಾಯಿತು’ ಎಂದು ಬರೆಯುವ ವರ್ತಕನನ್ನು ಲೆಕ್ಕ ತಪಾಸಣೆಗಾರನು ಒಪ್ಪುವುದಿಲ್ಲ. ಊರ ಮನೆಯ ಕಪಾಟಿನಲ್ಲಿದ್ದುದು ವಾಹನದ ಕಪಾಟಿಗೆ ಬಂದರೆ, ಉಳಿದುದು ಬೀಗದೊಳಗೆ ಹಾಗೆಯೇ ಇದ್ದರೆ, ಮಮತ್ವ ಎಲ್ಲಿ ಕಡಿಮೆಯಾಯಿತು? ಪರಿಗ್ರಹದ ಮೂಲ ಮೂರ್ಛೆ, ಎಂದರೆ ‘ನನ್ನದು’ ಎಂಬ ಅಂಟು. ಚಿಕ್ಕ ವಸ್ತುವಿಗೂ ಆ ಅಂಟು ಪೂರ್ತಿಯಾಗಿ ಹಿಡಿಯಬಲ್ಲದು.

ಇನ್ನೂ ಮುಖ್ಯವಾದ ದೋಷ ಬೇರೆ ಇದೆ. ಪರಿಗ್ರಹವು ವಸ್ತುವಿನಲ್ಲಿ ಮಾತ್ರವಲ್ಲದೆ ಕ್ಷೇತ್ರದಲ್ಲಿಯೂ ಹರಡುತ್ತದೆಂದು ಅರಿತೇ ಗೃಹಸ್ಥನಿಗೆ ದಿಗ್ವ್ರತ, ದೇಶವ್ರತಗಳನ್ನು ವಿಧಿಸಲಾಯಿತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಇವನ್ನು ಅನರ್ಥದಂಡವಿರತಿಯ ಜೊತೆಯಲ್ಲಿಯೇ ಹೇಳುತ್ತದೆ. ಎಲ್ಲರಿಗೂ ಗೊತ್ತಿರುವ ಸಮುದ್ರವನ್ನೋ ನದಿಯನ್ನೋ ಬೆಟ್ಟವನ್ನೋ ಎಲ್ಲೆಯಾಗಿ ಇಟ್ಟುಕೊಳ್ಳಬೇಕೆಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಅಭಿಪ್ರಾಯ. ಶಿರಸಿ ಸೀಮೆಯ ಶ್ರಾವಕನಿಗೆ ಇಂತಹ ಎಲ್ಲೆಗಳಿಗೆ ಕೊರತೆಯೇ? ಪಶ್ಚಿಮಕ್ಕೆ ಕಡಲು, ದಕ್ಷಿಣಕ್ಕೆ ಶರಾವತಿ, ಪೂರ್ವಕ್ಕೆ ಬನವಾಸಿಯ ವರದೆ, ಉತ್ತರಕ್ಕೆ ಕಾಳಿ. ಇಷ್ಟರೊಳಗೆ ಒಂದು ಜೀವನವೇ ಹಿಡಿಸುತ್ತದೆ. ಯಾತ್ರೆಗಾಗಿ ಇದಕ್ಕಿಂತ ದೊಡ್ಡ ಎಲ್ಲೆಯನ್ನು ಹಾಕಿಕೊಂಡರೂ ತಪ್ಪಿಲ್ಲ. ತಪ್ಪಿರುವುದು ಎಲ್ಲೆಯೇ ಇಲ್ಲದಿರುವುದರಲ್ಲಿ. ‘ಎಲ್ಲಿ ಬೇಕಾದರೂ ನಿಲ್ಲಬಹುದು, ಯಾವಾಗ ಬೇಕಾದರೂ ಹೊರಡಬಹುದು’ ಎಂಬುದೇ ಮೋಟಾರು ಮನೆಯ ಆಕರ್ಷಣೆ. ಕ್ಷೇತ್ರವೃದ್ಧಿಯನ್ನು ಅತಿಚಾರವೆಂದು ಎಣಿಸಿದ ಧರ್ಮಕ್ಕೆ ಅದು ಹೇಗೆ ಭೂಷಣವಾದೀತು? ವಯಸ್ಸು ಏರಿದಂತೆ ಆರಂಭತ್ಯಾಗ, ಪರಿಗ್ರಹತ್ಯಾಗ, ಅನುಮತಿತ್ಯಾಗಗಳೆಂದು ಶ್ರಾವಕನ ಪ್ರತಿಮೆಗಳು ಕ್ಷೇತ್ರವನ್ನು ಸಂಕೋಚಗೊಳಿಸುತ್ತ ಹೋಗುತ್ತವೆ. ಅರವತ್ತರ ನಂತರ ಭೂಪಟವನ್ನು ಹಿಗ್ಗಿಸುವುದು ಇದಕ್ಕೆ ತಿರುಗುಮುರುಗಾದ ನಡೆ.

ಮುನಿಗಳೂ ಸದಾ ವಿಹಾರ ಮಾಡುವರಲ್ಲವೇ ಎಂದು ಕೇಳುವವರುಂಟು. ಮುನಿಯು ಮೊದಲು ಮನೆಯನ್ನು ಬಿಟ್ಟನು, ಆಮೇಲೆ ನಡೆದನು. ಅವನು ನಡೆಯುವುದು ಬರಿಗಾಲಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚೆಂದು ಚಾತುರ್ಮಾಸಕ್ಕೆ ಒಂದೆಡೆ ನಿಲ್ಲುತ್ತಾನೆ. ಗಂಟೆಗೆ 80 ಕಿಲೋಮೀಟರ್ ಓಡುವ ಗಾಲಿಗೆ ಈರ್ಯಾಸಮಿತಿ ಇಲ್ಲ. ಅದು ನಿಲ್ಲುವುದೂ ತನ್ನ ಸುಖಕ್ಕಾಗಿ, ಹೊರಡುವುದೂ ತನ್ನ ಸುಖಕ್ಕಾಗಿ.

ಹಿಂಸೆಯ ಲೆಕ್ಕವನ್ನೂ ನೋಡಬೇಕು. ಯಲ್ಲಾಪುರದಿಂದ ಚುರು ಎರಡು ಸಾವಿರ ಕಿಲೋಮೀಟರಿನಷ್ಟು ದೂರ. ಹೋಗಿ ಬರಲು ನಾಲ್ಕು ಸಾವಿರ. ಲೀಟರಿಗೆ 8 ಕಿಲೋಮೀಟರ್ ಓಡುವ ವಾಹನಕ್ಕೂ 500 ಲೀಟರ್ ಡೀಸೆಲ್ ಬೇಕು. ಅದನ್ನು ಸುಟ್ಟರೆ ಹೊರಬರುವ ಇಂಗಾಲಾಮ್ಲ 1,300 ಕಿಲೋಗ್ರಾಮಿಗೂ ಹೆಚ್ಚು. ಅಮೆರಿಕದ ಭಾರಿ ಮೋಟಾರು ಮನೆಗಳು ಲೀಟರಿಗೆ ಮೂರು, ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಓಡುವುದೇ ಕಷ್ಟ. ಮರುಭೂಮಿಯು ಬರಿಯ ಮರಳೆಂದು ಭಾವಿಸುವುದೂ ತಪ್ಪು. ಅದರ ಮೇಲ್ಪದರದಲ್ಲಿ ಪಾಚಿ, ಕಲ್ಲುಹೂವು ಮೊದಲಾದ ಸೂಕ್ಷ್ಮಜೀವಿಗಳು ಮಣ್ಣನ್ನು ಹೆಣೆದು ಹಿಡಿದಿರುತ್ತವೆ. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1944ರವರೆಗೆ, ಅಮೆರಿಕದ ಸೇನೆಯು ಕ್ಯಾಲಿಫೋರ್ನಿಯಾ ಮತ್ತು ಆರಿಜೋನಾದ ಮರುಭೂಮಿಯಲ್ಲಿ ಟ್ಯಾಂಕುಗಳ ತರಬೇತಿ ನಡೆಸಿತು. ಆ ಜಾಡುಗಳು ಕೆಲವೆಡೆ ಇಂದಿಗೂ ಅಳಿದಿಲ್ಲ. ಪೃಥ್ವೀಕಾಯವನ್ನೂ ಜೀವವೆಂದು ನಂಬುವವರು ಈ ಸಂಗತಿಯನ್ನು ಲಘುವಾಗಿ ಕಾಣಬಾರದು. ನಿಷ್ಪ್ರಯೋಜಕವಾಗಿ ಅಲೆಯುವುದನ್ನು ಪ್ರಮಾದಚರ್ಯೆಯೆಂದು ಹಿರಿಯರು ಕರೆದುದು ಸುಮ್ಮನೆ ಅಲ್ಲ. ಥಾರ್ ಮರುಭೂಮಿಯ ನಿವಾಸಿಗಳಾದರೋ ಮಳೆಯ ನೀರನ್ನು ‘ಟಾಂಕಾ’ ಎಂಬ ನೆಲತೊಟ್ಟಿಯಲ್ಲಿ ಕೂಡಿಟ್ಟು ವರ್ಷವಿಡೀ ಅಳತೆಯಿಂದ ಬಳಸಿ ಅಲ್ಲಿಯೇ ಬಾಳಿದವರು. ಮರುಭೂಮಿಯಿಂದ ಕಲಿಯಬೇಕಾದ ಪಾಠ ಆ ನೆಲೆನಿಂತ ಬಾಳಿನಲ್ಲಿದೆ.

ಆದರೆ ವೃದ್ಧ ದಂಪತಿಯನ್ನು ಮಾತ್ರ ದೂಷಿಸಿ ಮುಗಿಸಿದರೆ ಅರ್ಧ ಸತ್ಯವಷ್ಟೇ ಹೇಳಿದಂತಾಗುವುದು. ಅವರು ಊರನ್ನು ಬಿಡುವುದೇಕೆ? ಘಟ್ಟದ ಅಂಚಿನ ಒಂಟಿ ಮನೆಯಲ್ಲಿ ಇಬ್ಬರೇ ಇರುವುದು ಸುಲಭವಲ್ಲ. 2021ರ ಜುಲೈ ತಿಂಗಳ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ನಾಶವಾದವು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನರು ದೊಡ್ಡ ದನಿಯಲ್ಲಿ ಕೇಳಬೇಕಾಯಿತು. ಎದೆನೋವು ಬಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕಾದವರು, ಮಕ್ಕಳು ದೂರವಿರುವವರು, ಗಾಲಿಯ ಮನೆಯ ಕನಸು ಕಂಡರೆ ಅದರಲ್ಲಿ ಭೋಗಾಸಕ್ತಿ ಇದ್ದಷ್ಟೇ ಒಂಟಿತನವೂ ಇದೆ. ಆ ಒಂಟಿತನಕ್ಕೆ ಸಮಾಜವೇ ಹೊಣೆ.

ಅವರು ಹೊರಡುವ ಮಾರ್ಗಶಿರ, ಪುಷ್ಯ ಮಾಸಗಳೇ ಈ ಸೀಮೆಯಲ್ಲಿ ಕೊನೆಕೊಯ್ಲಿನ ಕಾಲ. ಕೊನೆಗೌಡನಿಗೆ ಕೂಲಿ ಕೊಟ್ಟು, ಅಡಿಕೆ ಬೇಯಿಸಿ ಒಣಗಿಸುವ ಕಾಲದಲ್ಲಿ ಹಿರಿಯರಿಲ್ಲದ ಮನೆ ಚೇಣಿದಾರನ ಪಾಲಾಗುತ್ತದೆ. ಸೋಂದೆಯ ಸ್ವಾದಿ ಜೈನಮಠವೂ ಬಿಳಗಿಯ ರತ್ನತ್ರಯ ಬಸದಿಯೂ ಇರುವ ಈ ನಾಡಿನಲ್ಲಿ, ಊರಲ್ಲಿ ಉಳಿದ ಹಿರಿಯರೇ ಬಸದಿಗಳ ನಿಜವಾದ ಆಸ್ತಿ. ನಿತ್ಯಾಭಿಷೇಕಕ್ಕೆ ನೀರು ತರುವ, ಸ್ವಾಧ್ಯಾಯಕ್ಕೆ ಕೂಡುವ, ಮಕ್ಕಳಿಗೆ ಣಮೋಕಾರ ಹೇಳಿಕೊಡುವ ಕೈಯೇ ಇಲ್ಲವಾದರೆ ಜೀರ್ಣೋದ್ಧಾರಕ್ಕೆ ಸುರಿದ ಹಣ ಕಲ್ಲಿಗೆ ಮಾತ್ರ ಸಂದಂತೆ.

ಆದುದರಿಂದ ಬಸದಿಗಳ ಟ್ರಸ್ಟುಗಳು ಯಾತ್ರಿನಿವಾಸಕ್ಕೂ ವಾಹನಗಳ ತಂಗುದಾಣಕ್ಕೂ ಧರ್ಮದ್ರವ್ಯವನ್ನು ತೆಗೆದಿಡುವ ಮೊದಲು, ಊರಿನಲ್ಲಿಯೇ ಉಳಿದ ವೃದ್ಧರಿಗೆ ಏನು ಮಾಡಿವೆಯೆಂದು ವಾರ್ಷಿಕ ವರದಿಯಲ್ಲಿ ಬರೆಯಲಿ. ಆಷಾಢದಿಂದ ಕಾರ್ತಿಕದವರೆಗೆ ಘಟ್ಟದಂಚಿನ ಮನೆಗಳ ಹಿರಿಯರು ಬಂದಿರಲು ಪೇಟೆಯ ಬಸದಿಗಳ ಬಳಿ ನಾಲ್ಕು ಕೋಣೆಗಳನ್ನು ಕಾದಿರಿಸುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ತರುಣರನ್ನು ಗೊತ್ತುಮಾಡುವುದು, ವಾರಕ್ಕೊಮ್ಮೆ ಪ್ರತಿ ಒಂಟಿ ಮನೆಯ ಬಾಗಿಲು ತಟ್ಟುವುದು, ಇವು ದೊಡ್ಡ ಬಂಡವಾಳದ ಕೆಲಸಗಳಲ್ಲ. ಹೊರಡಲೇಬೇಕೆಂಬ ದಂಪತಿಯಾದರೂ, ಎಷ್ಟು ದಿನ, ಎಷ್ಟು ದೂರ, ಎಷ್ಟು ಇಂಧನ ಎಂಬುದನ್ನು ಬಸದಿಯಲ್ಲಿ ನಿಂತು ಮೊದಲೇ ಗೊತ್ತುಪಡಿಸಿಕೊಂಡು ಹೊರಡಲಿ. ಆ ಎಲ್ಲೆ ಮುಟ್ಟಿದೊಡನೆ ಮರಳಿ ಬಂದರೆ ಅವರ ಪ್ರವಾಸಕ್ಕೆ ದೇಶವ್ರತದ ಬೆಲೆ ಬರುತ್ತದೆ. ಎಲ್ಲೆಯಿಲ್ಲದೆ ಹೊರಟವರು ಹೊರಡಬಾರದೆಂದು ಯಾರೂ ತಡೆಯಲಾರರು. ಅಪರಿಗ್ರಹವೆಂಬ ಹೆಸರನ್ನು ಮಾತ್ರ ಅವರು ಊರಿನಲ್ಲಿಯೇ ಬಿಟ್ಟು ಹೋಗಲಿ.