ಗುಂಡು ತುಟ್ಟಿ, ಗುರಿ ದೂರ

ಸಂಖದ ಹುಡುಗನೊಬ್ಬ ರೈಫಲ್ ಶೂಟಿಂಗ್ ಕಲಿಯುತ್ತೇನೆ ಅಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಬಂದೂಕಿನದು. ಆದರೆ ನಿಜವಾದ ತಲೆನೋವು ಗುಂಡಿನದು. ಬಂದೂಕು ಒಮ್ಮೆ ಬಂದರೆ ವರ್ಷಗಟ್ಟಲೆ ಬಾಳುತ್ತದೆ, ಕ್ಲಬ್ಬಿನಲ್ಲಿ ನಾಲ್ಕು ಮಂದಿ ಹಂಚಿಕೊಂಡೂ ಬಳಸಬಹುದು. ಗುಂಡು ಹಾಗಲ್ಲ. ಕುದುರೆ ಒತ್ತಿದ ಕೂಡಲೇ ರೊಕ್ಕ ಹೊಗೆಯಾಗಿ ಹೋಯಿತು. ಮಳೆಯನ್ನೇ ನಂಬಿದ ಜತ್ತ ತಾಲೂಕಿನ ಪೂರ್ವ ಭಾಗದ ಒಕ್ಕಲು ಮನೆಗೆ ಈ ಲೆಕ್ಕ ಎಲ್ಲಿಂದ ಹೊಂದಬೇಕು?

ಆದರೂ ಕನಸು ದೂರದ್ದೇನಲ್ಲ. ಪಕ್ಕದ ಕೊಲ್ಹಾಪುರದ ತೇಜಸ್ವಿನಿ ಸಾವಂತ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್ ಪ್ರೋನ್ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ರಾಧಾನಗರಿ ತಾಲೂಕಿನ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಅವರ ತಂದೆ ಶಾಲಾ ಶಿಕ್ಷಕರು. ಮಗನ ಗುಂಡಿನ ಖರ್ಚಿಗೆ ಸಾಲ ಮಾಡಿದ್ದರೆಂದು ಆಗ ಪತ್ರಿಕೆಗಳು ಬರೆದವು. ಪದಕ ಬಂದ ಮೇಲೆ ಸರ್ಕಾರ ಕೋಟಿ ರೂಪಾಯಿ ಬಹುಮಾನ ಘೋಷಿಸಿತು. ಸಂತೋಷ. ಆದರೆ ಗೆದ್ದವನಿಗೆ ಕೋಟಿ ಕೊಡುವ ಕೈ, ಕಲಿಯುವವನಿಗೆ ಒಂದು ಪೆಟ್ಟಿಗೆ ಗುಂಡು ಕೊಡಲು ಯಾಕೆ ಹಿಂದೆ ಸರಿಯಬೇಕು?

ದೊಡ್ಡ ಬೋರಿನ ಪಾಡು

ಇದು .22 ಎಂಬ ಸಣ್ಣ ಬೋರಿನ ಕತೆ. ದೊಡ್ಡ ಬೋರಿನದು ಇನ್ನೂ ಬಿಗಿ. 300 ಮೀಟರ್ ದೂರದ ಗುರಿಗೆ 8 ಮಿ.ಮೀ. ಒಳಗಿನ ರೈಫಲ್‌ನಿಂದ ಹೊಡೆಯುವ ಈ ಸ್ಪರ್ಧೆ 1972ರವರೆಗೆ ಒಲಿಂಪಿಕ್ಸ್‌ನಲ್ಲಿಯೂ ಇತ್ತು. ಈಗಲೂ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿದೆ. ಪ್ರೋನ್ ವಿಭಾಗದ ಒಂದು ಪಂದ್ಯಕ್ಕೆ 60 ಗುಂಡು. ಗುಂಡಿಗೆ ಬರೀ 100 ರೂ. ಎಂದು ಹಿಡಿದರೂ ಒಂದು ಪಂದ್ಯಕ್ಕೆ 6,000 ರೂ. ವಾರಕ್ಕೆ ಎರಡು ಸಲ ಅಷ್ಟೇ ಅಭ್ಯಾಸ ಮಾಡಿದರೆ ತಿಂಗಳಿಗೆ 48,000 ರೂ. ಮಧ್ಯಪ್ರದೇಶದ ಮಹೂವಿನಲ್ಲಿ ಸೇನೆಯ ಮಾರ್ಕ್ಸ್‌ಮನ್‌ಶಿಪ್ ಘಟಕ ಇದೆ. ಅಲ್ಲಿ ಗುಂಡಿನ ಖರ್ಚು ಸೇನೆಯದು. ಹೊರಗಿನವನು ಏನು ಮಾಡಬೇಕು?

ಬೇರೆ ದೇಶಗಳಲ್ಲಿ ಇದಕ್ಕೊಂದು ಹಾದಿ ಇದೆ, ಅದೇ ರೀಲೋಡಿಂಗ್. ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೋಶ, ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಮುಂದಿನ ಬುಲೆಟ್. ಹೊಡೆದ ಮೇಲೆ ಮೂರು ಹೋಗುತ್ತವೆ, ಹಿತ್ತಾಳೆ ಉಳಿಯುತ್ತದೆ. ದುಬಾರಿ ಭಾಗವೂ ಅದೇ. ಅದನ್ನೇ ಮತ್ತೆ ಮತ್ತೆ ತುಂಬಿದರೆ ಖರ್ಚು ಇಳಿಯುತ್ತದೆ, ಪ್ರತಿ ಗುಂಡೂ ಒಂದೇ ತೂಕಕ್ಕೆ ಬರುವುದರಿಂದ ಗುರಿಯೂ ಸುಧಾರಿಸುತ್ತದೆ. .22 ತೋಟಾಕ್ಕೆ ಈ ಭಾಗ್ಯ ಇಲ್ಲ. ಅದರ ಕಿಡಿಯ ಮದ್ದು ಅಂಚಿನೊಳಗೇ ಇರುವುದರಿಂದ ಒಮ್ಮೆ ಹೊಡೆದರೆ ಮುಗಿಯಿತು. ಹಾಗಾಗಿ ರೀಲೋಡಿಂಗ್ ನಿಜವಾಗಿ ಬೇಕಾದ್ದು ದೊಡ್ಡ ಬೋರಿನವರಿಗೇ.

ಕಾನೂನು ಏನನ್ನುತ್ತದೆ?

ನಮ್ಮ ದೇಶದಲ್ಲಿ 1959ರ ಶಸ್ತ್ರ ಕಾಯ್ದೆ ಮದ್ದುಗುಂಡಿನ ಬಿಡಿಭಾಗಗಳನ್ನೂ, ಅದನ್ನು ತಯಾರಿಸುವ ಯಂತ್ರವನ್ನೂ ಮದ್ದುಗುಂಡೆಂದೇ ಎಣಿಸುತ್ತದೆ. ಪರವಾನಗಿ ಇಲ್ಲದೆ ತಯಾರಿಸುವುದು, ಮಾರುವುದು ಅಪರಾಧ. ಅಗ್ಗಕ್ಕೆ ಪ್ರೈಮರ್ ಸಿಕ್ಕೀತೆಂದು ಗೊತ್ತಿಲ್ಲದವರ ಕೈಯಿಂದ ಕೊಂಡ ಹುಡುಗ ನೇರ ಪೊಲೀಸ್ ಠಾಣೆ ಮುಟ್ಟಬಹುದು. ಇದು ಬರೀ ದಂಡದ ಮಾತಲ್ಲ. ಮಿಲಿಟರಿ, ಪೊಲೀಸ್ ಭರ್ತಿಗೆಂದು ನಸುಕಿನಲ್ಲಿ ರಸ್ತೆಗುಂಟ ಓಡುವ ಹುಡುಗನ ಮೇಲೆ ಒಂದು ಕೇಸು ಬಿದ್ದರೆ ಅವನ ನೌಕರಿಯ ಆಸೆಗೇ ಕಲ್ಲು ಬಿದ್ದಂತೆ. ತಂದೆ-ತಾಯಿ ಈ ಮಾತನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಕಾನೂನಿನ ಭಯಕ್ಕೆ ಕಾರಣವೂ ಇದೆ. ಮದ್ದು ಒಂದಿಷ್ಟು ಹೆಚ್ಚಾದರೆ ರೈಫಲ್ ಮುಖದ ಮುಂದೆಯೇ ಸಿಡಿಯಬಹುದು. ಲೆಕ್ಕವಿಲ್ಲದ ಗುಂಡು ಯಾರ ಎದೆಗೆ ಹೋಗುತ್ತದೋ ಹೇಳಲಿಕ್ಕಾಗದು. ಹಾಗಾಗಿ ಮನೆಮನೆಯಲ್ಲಿ ಮದ್ದು ತುಂಬಲು ಬಿಡಿ ಎಂದು ಕೇಳುವುದು ಸರಿಯಲ್ಲ. ಆದರೆ ಬಾಗಿಲು ಮುಚ್ಚಿದವರು ಕಿಟಕಿಯನ್ನಾದರೂ ತೆರೆದಿಡಬೇಕಲ್ಲ?

ತೆರೆದ ಕಿಟಕಿ ಹೆಸರಾದವರಿಗೆ ಮಾತ್ರ ಇದೆ. ‘ಪ್ರಖ್ಯಾತ ಶೂಟರ್’ ಎನಿಸಿಕೊಂಡವರಿಗೆ ಆಮದಿಗೆ ಅವಕಾಶ ಉಂಟು. 2020ರ ನಿಯಮಗಳ ಪ್ರಕಾರ ಅವರು 12ರವರೆಗೆ ಬಂದೂಕು ಇಟ್ಟುಕೊಳ್ಳಬಹುದು, ವರ್ಷದ ಗುಂಡಿನ ಮಿತಿಯೂ ಏರಿತು. ಆದರೆ ಪ್ರಖ್ಯಾತನಾಗಲು ಅಂಕ ಬೇಕು, ಅಂಕಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಗುಂಡು ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬಂತಾಗಿದೆ ಹಳ್ಳಿ ಹುಡುಗನ ಪಾಡು.

ಗಡಿಯ ತೊಡಕು

ಗಡಿ ಊರಿಗೆ ಇನ್ನೊಂದು ತೊಡಕು. ಸಂಖದವರಿಗೆ ಸಂತೆ, ದವಾಖಾನೆ, ಬೀಗತನ ಎಲ್ಲಕ್ಕೂ ವಿಜಯಪುರದ ಕಡೆಯೇ ಒಡನಾಟ. ಬಂದೂಕಿನ ಪರವಾನಗಿ ಮಾತ್ರ ಸಾಂಗಲಿಯ ಜಿಲ್ಲಾಧಿಕಾರಿಗಳದು. ಅದರಲ್ಲಿ ಬರೆದ ವ್ಯಾಪ್ತಿ ಮಹಾರಾಷ್ಟ್ರಕ್ಕಷ್ಟೇ ಇದ್ದರೆ, ನಾಲ್ಕು ಹೆಜ್ಜೆ ಆಚೆ ಕರ್ನಾಟಕದ ಅಂಗಡಿಗೋ ರೇಂಜಿಗೋ ರೈಫಲ್ ಒಯ್ದರೂ ತಪ್ಪು. ಅರ್ಜಿ, ನಿಯಮ ಎಲ್ಲವೂ ಮರಾಠಿ ಇಲ್ಲವೇ ಇಂಗ್ಲಿಷ್. ಕನ್ನಡ ಶಾಲೆಯಲ್ಲಿ ಓದಿದ ತಂದೆ ಸಹಿ ಹಾಕುವ ಮುನ್ನ ಏನು ಓದಿ ತಿಳಿಯಬೇಕು? ಶೇ. 15ಕ್ಕಿಂತ ಹೆಚ್ಚು ಭಾಷಾ ಅಲ್ಪಸಂಖ್ಯಾತರಿರುವ ಕಡೆ ಮುಖ್ಯ ನಿಯಮಗಳನ್ನು ಅವರ ಭಾಷೆಯಲ್ಲಿ ಪ್ರಕಟಿಸಬೇಕೆಂಬುದು ದೇಶ ಒಪ್ಪಿದ ರಕ್ಷಣೆ. ಬಂದೂಕಿನಂಥ ಗಂಭೀರ ವಿಷಯದಲ್ಲೇ ಅದು ಜಾರಿಗೆ ಬರದಿದ್ದರೆ ಮತ್ತೆ ಯಾವುದರಲ್ಲಿ ಬರಬೇಕು?

ಆಗಬೇಕಾದ್ದೇನು?

ಪುಣೆಯ ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ. ಜಳಗಾಂವ ಜಿಲ್ಲೆಯ ವರಣಗಾಂವದಲ್ಲಿ ಇನ್ನೊಂದು. 2021ರ ಅಕ್ಟೋಬರ್‌ನಿಂದ ಎರಡೂ ಪುಣೆಯ ಮ್ಯುನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಕೆಳಗಿವೆ. ಗುಂಡು ಮಾಡುವ ರಾಜ್ಯವೇ ಇದು. ಆ ಕಾರ್ಖಾನೆಗಳು ಅಭ್ಯಾಸದ ಗುಂಡನ್ನು ತಯಾರಿಕೆ ದರದಲ್ಲೇ ಜಿಲ್ಲಾ ರೈಫಲ್ ಸಂಘಗಳಿಗೆ ಕೊಡಲಿ. ಹೊಡೆದ ಖಾಲಿ ಹಿತ್ತಾಳೆಯನ್ನು ಎಣಿಸಿ ವಾಪಸು ಪಡೆಯಲಿ, ಕಾರ್ಖಾನೆಯಲ್ಲೇ ಬಲ್ಲವರ ಕೈಯಿಂದ ಮತ್ತೆ ತುಂಬಿಸಿ ಕಳಿಸಲಿ. ಮನೆಯಲ್ಲಿ ಮದ್ದು ಇರುವುದಿಲ್ಲ, ಪ್ರತಿ ಗುಂಡಿಗೂ ಲೆಕ್ಕ ಇರುತ್ತದೆ, ಹುಡುಗನಿಗೆ ಖರ್ಚೂ ಇಳಿಯುತ್ತದೆ. ಸರ್ಕಾರ ಹೆದರುವ ಕಾರಣವೂ ಉಳಿಯುವುದಿಲ್ಲ.

ಅಲ್ಲಿಯತನಕ ಊರು ಕೈಕಟ್ಟಿ ಕೂಡಬೇಕಿಲ್ಲ. ನಿಗದಿತ ಶಕ್ತಿಯೊಳಗಿನ .177 ಏರ್ ರೈಫಲ್‌ಗೆ ಬಂದೂಕಿನ ಪರವಾನಗಿ ಬೇಡ, ಅದರ ಪೆಲೆಟ್ ದುಬಾರಿಯೂ ಅಲ್ಲ. ಹತ್ತು ಮೀಟರ್ ಉದ್ದದ ಭದ್ರ ಗೋಡೆಯ ಕೋಣೆ, ಒಬ್ಬ ನಿವೃತ್ತ ಯೋಧ, ಎರಡು ರೈಫಲ್ ಇದ್ದರೆ ಶಾಲೆಯಲ್ಲೇ ಕಲಿಕೆ ಶುರುವಾದೀತು. ಉಸಿರು ಹಿಡಿಯುವುದು, ಕೈ ಅಲುಗದಂತೆ ನಿಲ್ಲುವುದು ಅಲ್ಲೇ ಬರಬೇಕು. ಗ್ರಾಮ ಪಂಚಾಯಿತಿ, ಶಾಲೆ ಕಮಿಟಿ ಮನಸ್ಸು ಮಾಡಬೇಕಷ್ಟೆ.

ಕಲಿತ ಕೈ ದೊಡ್ಡ ರೈಫಲ್ ಹಿಡಿಯುವ ಹೊತ್ತಿಗಾದರೂ ಗುಂಡಿನ ದರ ಇಳಿದಿರಲಿ. ಇಲ್ಲದಿದ್ದರೆ ಗಡಿ ಹುಡುಗನ ಗುರಿ ತಪ್ಪುವುದು ಕಣ್ಣಿನ ದೋಷದಿಂದಲ್ಲ, ಕಿಸೆಯ ದೋಷದಿಂದ. ಆ ದೋಷ ಅವನದಲ್ಲ.